ಕೋಳಿಗಳ ಮನಶ್ಶಾಂತಿ

ಪಶುವೈದ್ಯನಾಗಿ ಕೋಲಾರ ಜಿಲ್ಲೆ ಸುತ್ತುವ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಬಿಸಿಲಿಗೋ ಸದ್ದಿಗೋ ಕೋಳಿ ಕಂಗಾಲಾದರೆ ಕೆಡುವುದು ಅದರ ಹೊಟ್ಟೆ, ಪರದಾಡುವುದು ಮನೆಯವರು. ಹಾಗೆ ಪರದಾಡುವವರನ್ನು ಕಂಡರೆ ನನಗೆ ಬಲು ಪ್ರೀತಿ.

೧. ಜಗಳಕ್ಕೆ ಬೇರೆ ಜಾಗ

ರಾಯಲ್ಪಾಡಿನ ರೈತರೊಬ್ಬರ ಕೋಳಿಗಳು ಬೇಸಿಗೆಯಲ್ಲಿ ಏದುಸಿರು ಬಿಡುತ್ತಾ ನೀರುನೀರಾಗಿ ಹಿಕ್ಕೆ ಹಾಕುತ್ತಿದ್ದವು. "ನೆರಳು ಮಾಡಿ, ತಣ್ಣೀರಿಡಿ, ಹತ್ತಿರ ಗಲಾಟೆ ಬೇಡ" ಎಂದೆ. ವಾರದ ಮೇಲೆ ಸಿಕ್ಕರು.

"ಅಂತಾ ಬಾಗುಂದಿ ಸಾರ್, ಎಲ್ಲಾ ಚೆನ್ನಾಗೈತೆ. ನಾನೂ ನನ್ನ ಹೆಂಡ್ತೀನೂ ಜಗಳ ಆಡ್ಬೇಕಂದ್ರೆ ಈಗ ಟೊಮೆಟೊ ತೋಟಕ್ಕೇ ಹೋಗ್ತೀವಿ."

"ಒಳ್ಳೇದಾಯ್ತಲ್ಲ!"

"ಏನ್ ಒಳ್ಳೇದು ಸಾರ್, ಅಲ್ಲಿಗೆ ಹೋಗೋಷ್ಟರಲ್ಲಿ ಯಾಕೆ ಜಗಳ ಅನ್ನೋದೇ ಮರ್ತೋಗುತ್ತೆ!"

೨. ಶುಕ್ರವಾರದ ಡಬ್ಬಿ

ವೇಮಗಲ್‌ನ ಫ್ಯಾಕ್ಟರಿ ಕೆಲಸಗಾರರೊಬ್ಬರಿಗೆ ಪರೀಕ್ಷೆಗೆ ಕೋಳಿ ಹಿಕ್ಕೆ ತರಲು ಹೇಳಿದ್ದೆ. ಮರ್ಯಾದಸ್ಥರು, ಸ್ವೀಟ್ ಡಬ್ಬಿಯಲ್ಲಿಟ್ಟು ದಾರ ಕಟ್ಟಿ, ನನ್ನ ಮೇಜಿನ ಮೇಲಿರಿಸಿ ಶಿಫ್ಟಿಗೆ ಓಡಿದ್ದರು. ನಾನು ಹಸುವೊಂದನ್ನು ನೋಡಿ ಬರುವಷ್ಟರಲ್ಲಿ ನಮ್ಮ ಅಟೆಂಡರ್ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಡಬ್ಬಿಯನ್ನು ಅದರ ಮುಂದಿಟ್ಟು ಕೈಮುಗಿದು ನಿಂತಿದ್ದ.

"ಸಾರ್, ನೈವೇದ್ಯ ಆಯ್ತು. ಹಂಚ್ಲಾ?"

೩. ಕೋಳಿಗಾಗಿ ಕೆತ್ತನೆ

ಶಿವಾರಪಟ್ಟಣದ ಶಿಲ್ಪಿಯೊಬ್ಬರ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಬಾಣಂತಿಗೆ ಮನೆಯ ನಾಟಿ ಮೊಟ್ಟೆಯನ್ನೇ ಕೊಡಬೇಕೆಂದು ತಾಯಿಯ ಹಟ. ಅದೇ ಹೊತ್ತಿಗೆ ಶಿಲ್ಪಿ ಕಲ್ಲು ಕೊಯ್ಯುವ ಮೆಷಿನ್ ತಂದರು. ಅದರ ಕಿರುಚಾಟಕ್ಕೆ ಕೆಂಚಿ ಎಂಬ ಹೇಂಟೆ ಸೇರಿ ಕೋಳಿಗಳೆಲ್ಲಾ ಮೇವು ಬಿಟ್ಟವು, ಹೊಟ್ಟೆ ಕೆಡಿಸಿಕೊಂಡವು, ಮೊಟ್ಟೆ ನಿಲ್ಲಿಸಿದವು. ತಾಯಿ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ಕರೆಸಿದರು.

"ಮೆಷಿನ್ ದೂರ ಸಾಗಿಸಿ" ಎಂದೆ. ಶಿಲ್ಪಿ ಕೆಲಸವನ್ನೆಲ್ಲಾ ಸ್ನೇಹಿತರ ಶೆಡ್ಡಿಗೆ ಒಯ್ದರು. ಹಿಕ್ಕೆ ಗಟ್ಟಿಯಾಯಿತು, ಮೊಟ್ಟೆ ಮಾತ್ರ ಬರಲಿಲ್ಲ. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಎಲೆ ಬಿದ್ದರೂ ಕೋಳಿಗಳು ಬೆಚ್ಚುತ್ತಿದ್ದವು. ಆಗ ನನಗೆ ಹೊಳೆಯಿತು, ಇವು ಮರಿಯಿಂದಲೂ ಉಳಿ ಸುತ್ತಿಗೆಯ ಸದ್ದಿನಲ್ಲೇ ಬೆಳೆದವು.

"ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಇಲ್ಲೇ ಕೂತು ಉಳಿ ಆಡಿಸಿ ನೋಡಿ" ಎಂದೆ.

ಹದಿನೈದು ದಿನ ಬಿಟ್ಟು ಹೋದೆ. ಶಿಲ್ಪಿ ಅಂಗಳದಲ್ಲಿ ಒಂದು ಬೋಳು ಕಲ್ಲನ್ನು ಭಕ್ತಿಯಿಂದ ಕುಟ್ಟುತ್ತಿದ್ದರು. ವಿಗ್ರಹ ಕೊಳ್ಳಲು ಬಂದಿದ್ದ ಬೆಂಗಳೂರಿನವರೊಬ್ಬರು ಮೊಬೈಲ್ ಹಿಡಿದು, "ಇದು ಯಾವ ದೇವರಾಗುತ್ತೆ?" ಎಂದು ಕೇಳಿದರು. ಶಿಲ್ಪಿ ಉತ್ತರಿಸಲೆಂದು ಸುತ್ತಿಗೆ ಕೆಳಗಿಟ್ಟರು.

ಕೋಳಿಗೂಡಿನ ಪಕ್ಕದಿಂದ ಹೆಂಡತಿ ಕೂಗಿದರು: "ರೀ, ನಿಲ್ಲಿಸ್ಬೇಡಿ! ಕೆಂಚಿ ಇನ್ನೂ ಇಟ್ಟಿಲ್ಲ!"