ಪೂರ್ವಕ್ಕೆ ಮೀನು

ಬಳ್ಳಾರಿ ಕೋರ್ಟಿನಲ್ಲಿ ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸವಾಗಿತ್ತು. ಇಂಗ್ಲಿಷಿನಲ್ಲಿ ಒಂದು ಮಾತಿಗೆ ನಾಲ್ಕು ಅರ್ಥ. ನಮ್ಮವರ ಪಾಲಿಗೆ ಬರುವುದು ಯಾವಾಗಲೂ ಬೇಡದ ಅರ್ಥವೇ. ನಿವೃತ್ತನಾಗಿ ಕುರುಗೋಡಿಗೆ ಬಂದು ಕೂತೆ. ಆ ಮಾತುಗಳು ಅಲ್ಲಿಗೂ ಹುಡುಕಿಕೊಂಡು ಬಂದವು.

೧. ಎಕ್ಸಿಕ್ಯೂಷನ್

ಇದು ಕೆಲಸದಲ್ಲಿದ್ದಾಗಿನದು. ಹಚ್ಚೊಳ್ಳಿ ಕಡೆಯ ರೈತನೊಬ್ಬ ಪಕ್ಕದ ಹೊಲದವನ ಬಂಡಿದಾರಿಗೆ ಮುಳ್ಳುಬೇಲಿ ಹಾಕಿದ್ದ. ದಾರಿ ಬಿಡಬೇಕೆಂದು ತೀರ್ಪಾಯಿತು. ಬಿಡಲಿಲ್ಲ. ಪಕ್ಕದವನು ಎಕ್ಸಿಕ್ಯೂಷನ್ ಅರ್ಜಿ ಹಾಕಿದ. ಇವನಿಗೆ ನೋಟಿಸು ಹೋಯಿತು. ಕೋರ್ಟಿನಲ್ಲಿ ಆ ಮಾತಿಗೆ ತೀರ್ಪಿನ ಜಾರಿ ಎಂದರ್ಥ. ಊರಲ್ಲಿ ಯಾರೋ ನಿಘಂಟು ತೆಗೆದು ನೋಡಿ ಗಲ್ಲು ಎಂದರು.

ಹೊಸ ಪಂಚೆ ಉಟ್ಟು, ಹೆಂಡತಿ, ಅತ್ತೆ, ಮೂವರು ಅಳಿಯಂದಿರ ಸಮೇತ ಬಂದ. ಹೆಂಡತಿ ಅಳುತ್ತಿದ್ದಳು. ಅತ್ತೆ ಅಳುತ್ತಿರಲಿಲ್ಲ.

"ಇವತ್ತ ಹಾಕ್ತಾರೇನ್ರಿ?" ಎಂದು ನನ್ನನ್ನು ಕೇಳಿದ.

"ಬೇಲಿ ತೆಗಿ," ಎಂದೆ.

"ತೆಗದ್ರ ಇದು ತಪ್ಪತೈತೇನ್ರಿ?"

"ತಪ್ಪತೈತಿ."

ಮಧ್ಯಾಹ್ನದ ಬಸ್ಸಿಗೆ ಹೋಗಿ ಸಂಜೆಯೊಳಗೆ ಬೇಲಿ ಕಿತ್ತನಂತೆ. ಅರ್ಥ ಹೇಳಬಹುದಿತ್ತು. ಅವನು ಕೇಳಲಿಲ್ಲ.

೨. ಇಶ್ಯೂ

ಹೋದ ವರ್ಷ ಸಿರಿಗೇರಿಯಿಂದ ಒಬ್ಬ ಮುದುಕಿ ಮನೆಗೆ ಬಂದಳು. ಕೈಯಲ್ಲಿ ಮದ್ರಾಸ್ ಪ್ರಾಂತ್ಯದ ಕಾಲದ ಇಂಗ್ಲಿಷ್ ದಾನಪತ್ರ. ಅವಳ ಮಾವನಿಗೆ ಅವನ ದೊಡ್ಡಪ್ಪ ಎರಡೆಕರೆ ಬರೆದುಕೊಟ್ಟಿದ್ದು. ಯಾರೂ ಹೆಸರು ಬದಲಾಯಿಸಿಕೊಂಡಿರಲಿಲ್ಲ. ಈಗ ಅವಳ ಹೆಸರಿಗೆ ಆಗಬೇಕು.

"ಮದುವಿ ಆಗಿ ಬಂದಾಗಿಂದ ನಾನ ಬಿತ್ತಾಕತ್ತೀನ್ರಿ ಅಣ್ಣಾರ. ಪಹಣಿಯೊಳಗ ಮಾತ್ರ ಇನ್ನೂ ಸತ್ತವ ಬಿತ್ತಾಕತ್ಯಾನ."

ಸಿರುಗುಪ್ಪದ ಕಂಪ್ಯೂಟರ್ ಅಂಗಡಿಯವನೊಬ್ಬ ಪತ್ರವನ್ನು ಫೋನಿಗೆ ತೋರಿಸಿ ಕನ್ನಡ ಮಾಡಿಕೊಟ್ಟಿದ್ದ. ಅದರಲ್ಲಿ ದೊಡ್ಡಪ್ಪ ಹೇಳುತ್ತಾನೆ: 'ನನಗೆ ಯಾವ ಸಮಸ್ಯೆಯೂ ಇಲ್ಲದ ಕಾರಣ ಈ ಹೊಲವನ್ನು ತಮ್ಮನ ಮಗನಿಗೆ ಕೊಟ್ಟಿದ್ದೇನೆ.'

ಸಿರುಗುಪ್ಪದ ತಾಲ್ಲೂಕು ಕಚೇರಿಯ ಸಾಹೇಬರು, ಸಮಸ್ಯೆ ಇಲ್ಲದವನು ಹೊಲ ಯಾಕೆ ಕೊಟ್ಟ ಎಂದು ಕೇಳಿ ಕಾಗದ ವಾಪಸು ಕಳಿಸಿದ್ದರು. ಮೂಲದಲ್ಲಿದ್ದದ್ದು ಇಶ್ಯೂ. ಹಳೆಯ ಪತ್ರಗಳಲ್ಲಿ ಹಾಗೆಂದರೆ ಸಂತಾನ.

"ಮಕ್ಕಳಿಲ್ಲ ಅಂತ ಬರದಾರ," ಎಂದು ಆ ಒಂದು ಸಾಲು ತಿದ್ದಿಕೊಟ್ಟೆ.

"ಅದು ಖರೇ ಐತ್ರಿ," ಎಂದಳು. "ಆತಗ ಇಬ್ಬರು ಹೆಂಡ್ರು. ಸಮಸ್ಯೆ ಇಲ್ಲಂದ್ರ ಊರಾಗ ಯಾರು ನಂಬ್ತಾರ?"

೩. ಟ್ಯಾಂಕ್

ಹದಿನೈದು ದಿನಕ್ಕೆ ಮತ್ತೆ ಬಂದಳು. ಪತ್ರದಲ್ಲಿ ಹೊಲದ ನಾಲ್ಕು ಎಲ್ಲೆ ಹೇಳುವ ಚಕ್ಕುಬಂದಿ ಇತ್ತು. ದಕ್ಷಿಣಕ್ಕೆ ಟ್ಯಾಂಕ್. ಅಂಗಡಿಯವನು ನೀರಿನ ಟ್ಯಾಂಕು ಎಂದು ಇಳಿಸಿದ್ದ. ಅಳತೆಯವನು ಬಂದು ಟ್ಯಾಂಕು ಎಲ್ಲಿ ಎಂದ. ಅವರ ಓಣಿಯ ಕಡೆ ಇದ್ದದ್ದು ಒಂದೇ, ಶಾಲೆಯ ಬಯಲಿನ ಪಕ್ಕ, ಕಂಬಗಳ ಮೇಲೆ.

"ಹಂಗಾದ್ರ ಸಾಲಿ ಬಯಲ ನಿನ್ನ ಹೊಲ ಅಂದನ್ರಿ ಅವ. ಅಲ್ಲಿ ಹುಡುಗರು ಕಬಡ್ಡಿ ಆಡ್ತಾವ. ಗಂಟಿ ಹೊಡದು ಅವು ಒಳಗ ಹೋದ ಮ್ಯಾಲೆ ಬಿತ್ತಲೇನ್ರಿ?"

ಆ ಕಾಲದ ಕಾಗದದಲ್ಲಿ ಟ್ಯಾಂಕ್ ಎಂದರೆ ಕೆರೆ. ಕಂಬ ಏರಿದ್ದು ಆಮೇಲೆ. ಕೆರೆ ಎಂದು ತಿದ್ದಿದೆ.

"ಎರಡು ಅಕ್ಷರ," ಎಂದಳು. "ಹೋದ ಸಲನ ಹೇಳಿದ್ರ ಬಸ್ಸಿನ ಕಂಡಕ್ಟರಗ ನನ್ನ ಗುರ್ತ ಸಿಗ್ತಿರಲಿಲ್ಲ."

೪. ಟೋಪ್

ಮೂರನೇ ಸಲ ಬಾಗಿಲಲ್ಲೇ ನಿಂತಳು.

"ಕೆರಿಗೆ ಸಹಿ ಬ್ಯಾಡ, ಉಳಿದ ಮೂರು ಕಡಿಯವರ ಸಹಿ ತಗೊಂಡು ಬಾ ಅಂದ್ರು. ಇಬ್ಬರು ಮಾಡ್ಯಾರ. ಪೂರ್ವದ ಕಡಿಯವ ಸಿಗವಲ್ಲ."

"ಯಾರು ಅವ?"

"ಮೀನ್ರಿ."

ಕಾಗದ ಇಸಿದುಕೊಂಡು ನೋಡಿದೆ. 'ಪೂರ್ವಕ್ಕೆ: ಶಾರ್ಕ್ ಮೀನು.' ಮೂಲದಲ್ಲಿ ಟೋಪ್ ಎಂದಿತ್ತು. ಇಂಗ್ಲಿಷಿನಲ್ಲಿ ಆ ಹೆಸರಿನ ಒಂದು ಶಾರ್ಕ್ ಇದೆ. ಅದೇ ಮಾತಿಗೆ ವಿಪರೀತ ಕುಡಿಯುವುದು ಎಂಬ ಅರ್ಥವೂ ಇದೆ. ಮದ್ರಾಸಿನವರು ಬರೆದದ್ದು ಅವೆರಡೂ ಅಲ್ಲ. ನಮ್ಮದೇ ತೋಪು, ಮಾವಿನ ತೋಪು. ನಮ್ಮಿಂದ ಹೋದ ಮಾತು ಇಂಗ್ಲಿಷಿನಲ್ಲಿ ಎಷ್ಟೋ ವರ್ಷ ಇದ್ದು ಮೀನಾಗಿ ತಿರುಗಿ ಬಂದಿತ್ತು.

ಇಷ್ಟನ್ನೂ ಅವಳಿಗೆ ಹೇಳಿದೆ.

"ಮೀನು ಬಿಟ್ಟು ಕುಡಿಯಾವ ಅಂತನ ಬರೀಬೇಕಿತ್ರಿ," ಎಂದಳು. "ತೋಪಿನವ ದಿನಾ ಕುಡೀತಾನ. ಅವನ ಸಹಿ ಆದ್ರೂ ಸಿಗ್ತಿತ್ತು." ಆಮೇಲೆ ದನಿ ಇಳಿಸಿದಳು. "ಇದರಾಗ ಇನ್ನೆಷ್ಟು ಇಂಥಾ ಮಾತು ಅದಾವ್ರಿ? ಬಾಯಿ ಬಾಡಿಗಿಗೆ ಕೊಟ್ಟೀರೇನು? ಎಲ್ಲಾ ಒಂದ ಸಲ ಹೇಳ್ರಿ. ನಾನು ಇರೋದ್ರಾಗ ನನ್ನ ಹೆಸರು ಬರಲಿ."

ಕೂರಿಸಿದೆ. ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಪೂರ್ತಿ ಹೊಸದಾಗಿ ಕನ್ನಡದಲ್ಲಿ ಬರೆದೆ. ಮರುದಿನ ಅವಳ ಜೊತೆ ಸಿರುಗುಪ್ಪಕ್ಕೂ ಹೋದೆ. ಸಾಹೇಬರು ಬೇರೆ ಕಡೆಯವರು, ಚಿಕ್ಕ ವಯಸ್ಸು.

"ತೋಪು ಅಂದರೆ ಫಿರಂಗಿ ಅಲ್ಲವಾ?" ಎಂದರು.

"ಅದು ಬಳ್ಳಾರಿ ಕೋಟೆ ಮ್ಯಾಲಿಂದು. ಇದು ಸಿರಿಗೇರಿದು," ಎಂದೆ.

ಸಾಹೇಬರು ನಕ್ಕು ಕಾಗದ ತೆಗೆದುಕೊಂಡರು. ಮನೆಗೆ ಬಂದು, ಕಚೇರಿಯಲ್ಲಿ ಅರ್ಧ ಗಂಟೆ ಮಾತಾಡಿದೆ ಎಂದರೆ ಹೆಂಡತಿ ನಂಬಲಿಲ್ಲ.

ತೋಪಿನವನು ಸಹಿ ಹಾಕಿದ. ಪಹಣಿಯಲ್ಲಿ ಮುದುಕಿಯ ಹೆಸರು ಬಂತು. ಬಿತ್ತುತ್ತಿದ್ದ ಸತ್ತವನಿಗೆ ಬಿಡುವಾಯಿತು.

ಬೇಸಿಗೆಯಲ್ಲಿ ನಾಲ್ಕನೇ ಸಲ ಬಂದಳು. ಈ ಸಲ ಕಾಗದವಿಲ್ಲ, ಗೋಣಿಚೀಲ. ಕಂಡಕ್ಟರೇ ಬಸ್ಸಿನಿಂದ ಇಳಿಸಿಕೊಟ್ಟನಂತೆ. ಕಟ್ಟೆಯ ಮೇಲೆ ಇಟ್ಟು ಚೀಲದ ಬಾಯಿ ಬಿಚ್ಚಿದಳು. ತುಂಬ ಮಾವಿನಕಾಯಿ.

"ಏನು ಯಮ್ಮ ಇದು?" ಎಂದೆ.

"ಪೂರ್ವದ ಕಡಿ ಮೀನ್ರಿ," ಎಂದಳು. "ಹುಳಿ ಅದಾವ. ಉಪ್ಪಿನಕಾಯಿ ಹಾಕ್ರಿ."