ಆರೋಗ್ಯ ನಿಧಿಯ ಅಧ್ಯಕ್ಷೆಗೆ ಹಲ್ಲುನೋವು

ಆಗ ನಾವು ಮೂವರು ಪರದೇಶದಲ್ಲಿ, ಸ್ಯಾಂಡ್ರಿಂಗಮ್ ಎಂಬ ಬಡಾವಣೆಯ ತಣ್ಣನೆಯ ಬಾಡಿಗೆ ಮನೆಯೊಂದರಲ್ಲಿದ್ದೆವು: ಮೈಸೂರಿನ ನಾನು, ಹುಬ್ಬಳ್ಳಿಯ ರಫೀಕ್, ಮಂಗಳೂರಿನ ಲೀನಾ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳು. ಈ ದೇಶದಲ್ಲಿ ಕಾಲು ಮುರಿದರೆ ಸರ್ಕಾರ ನೋಡಿಕೊಳ್ಳುತ್ತದೆ. ಹಲ್ಲು ನೊಂದರೆ ನಮ್ಮ ಜೇಬೇ ನೋಡಿಕೊಳ್ಳಬೇಕು. ಇದನ್ನರಿತ ನಾನು 'ಆರೋಗ್ಯ ಉಳಿತಾಯ ನಿಧಿ' ಸ್ಥಾಪಿಸಿದೆ. ವಾರಕ್ಕೆ ತಲಾ ಹತ್ತು ಡಾಲರ್, ಜಂಟಿ ಖಾತೆ. ಆರೋಗ್ಯಕ್ಕಲ್ಲದೆ ಅನ್ಯ ಉದ್ದೇಶಕ್ಕೆ ಹಣ ತೆಗೆಯತಕ್ಕದ್ದಲ್ಲ. ಅಧ್ಯಕ್ಷೆ ನಾನೇ. ಬೇರೆ ಅಭ್ಯರ್ಥಿಗಳಿರಲಿಲ್ಲ!

ನಿಯಮ ಮುರಿದ ಮೊದಲಿಗಳೂ ನಾನೇ. ವರ್ಷ ತುಂಬುವಷ್ಟರಲ್ಲಿ ನಿಧಿಯಿಂದ ವ್ಯಾಯಾಮದ ಸೈಕಲ್ ಕೊಂಡೆ. "ಹೃದಯಕ್ಕೆ ಒಳ್ಳೇದು ಕಣ್ರೋ," ಎಂದೆ. ಮೂರು ದಿನ ತುಳಿದೆ. ನಾಲ್ಕನೆಯ ದಿನದಿಂದ ಅದರ ಮೇಲೆ ಒದ್ದೆ ಟವೆಲ್ ಒಣಗತೊಡಗಿತು.

ಲೀನಾ ದಪ್ಪ ಹಾಸಿಗೆ ತಂದಳು. "ಬೆನ್ನು ಆರೋಗ್ಯದಲ್ಲಿ ಬರುದಿಲ್ವಾ ಮಾರಾಯ್ತಿ?"

ರಫೀಕ್ ಸಮುದ್ರದ ಬಳಿ ಬ್ಯಾಚ್, ಅಂದರೆ ಪುಟ್ಟ ರಜಾಮನೆ, ಬಾಡಿಗೆಗೆ ಹಿಡಿದ. "ಮನಸ್ಸಿನ ಆರೋಗ್ಯ ಅನ್ನೂದು ಐತೋ ಇಲ್ಲೋ?"

ಇದೆ ಎಂದು ನಾವೂ ಹೊರಟೆವು. ಎರಡು ದಿನ ಮೀನು, ಚಿಪ್ಸ್ ತಿಂದು, ಗಾಳಿಗೆ ಕೂದಲು ಕೆದರಿಕೊಂಡು, ಹೊಟ್ಟೆ ಹುಣ್ಣಾಗುವಂತೆ ನಕ್ಕು ಬಂದೆವು. ಅಷ್ಟು ಆರೋಗ್ಯವಾಗಿ ನಾನು ಮತ್ತೆಂದೂ ಇದ್ದ ನೆನಪಿಲ್ಲ.

ಬಂದ ವಾರವೇ ಬುದ್ಧಿಹಲ್ಲು ಕಾಟ ಕೊಟ್ಟಿತು. ಕೆನ್ನೆ ಬನ್ನಿನಂತಾಯಿತು. ದಂತವೈದ್ಯೆ ಕೀಳಲೇಬೇಕೆಂದರು, ಖರ್ಚನ್ನೂ ಹೇಳಿದರು. ನಿಧಿ ತೆರೆದು ನೋಡಿದೆ. ಹನ್ನೊಂದು ಡಾಲರ್!

"ಅಳಬ್ಯಾಡ. ಸೈಕಲ್ ಮಾರೂಣು," ಎಂದ ರಫೀಕ್.

ಭಾನುವಾರ ಬೆಳಿಗ್ಗೆ ಏವನ್‌ಡೇಲ್ ಸಂತೆಯಲ್ಲಿ, ಕೊತ್ತಂಬರಿ ಕಟ್ಟುಗಳ ಪಕ್ಕ ಸೈಕಲ್ ನಿಲ್ಲಿಸಿ, ಗಿರಾಕಿಗಳು ನೋಡಲೆಂದು ನನ್ನನ್ನೇ ಹತ್ತಿಸಿ ತುಳಿಸಿದ. ಒಬ್ಬ ಹೆಂಗಸು ಸೈಕಲ್ ನೋಡಿದರು. ನನ್ನ ಕೆನ್ನೆ ನೋಡಿದರು.

"ಇದನ್ನು ತುಳಿದೇ ಹೀಗಾಯಿತೇ?"

ಲೀನಾ ನನ್ನನ್ನು ಇಳಿಸಿ ಮರೆಗೆ ಕಳಿಸಿದ ಮೇಲೆಯೇ ಅದು ಮಾರಾಟವಾದದ್ದು! ಕಡಿಮೆ ಬಿದ್ದದ್ದನ್ನು ಅವರಿಬ್ಬರೂ ತಮ್ಮ ಸಂಬಳದಿಂದ ಹಾಕಿದರು. ಹಿಂದಿರುಗಿಸುತ್ತೇನೆಂದರೆ ಬೈದರು.

ಈಗ ಮೂವರಿಗೂ ಬೇರೆ ಬೇರೆ ಮನೆ, ಬೇರೆ ಬೇರೆ ವಿಮೆ. ಆದರೆ ಹಲ್ಲು ಕೀಳಿಸಿಕೊಂಡ ಆ ದಿನ ಲೀನಾ ಕಾಯಿಸಿಕೊಟ್ಟ ಗಂಜಿಯನ್ನು ಯಾವ ವಿಮೆಯೂ ಕೊಡದು. ಗಂಜಿ ಆರುತ್ತಿದ್ದಾಗಲೇ ರಫೀಕ್ ನಿಧಿಯ ತುರ್ತು ಸಭೆ ಕರೆದ.

"ಅಧ್ಯಕ್ಷರನ್ನ ಕೆಳಗ ಇಳಸಾಕ ಯಾರದರ ತಕರಾರು ಐತೇನ್ರಿ?"

ನನ್ನದಿತ್ತು. ಆದರೆ ಬಾಯಿ ತುಂಬ ಹತ್ತಿ. ನಿರ್ಣಯ ಅವಿರೋಧವಾಗಿ ಅಂಗೀಕಾರವಾಯಿತು!