ಬಿಸಿಲ ಪೆಟ್ಟಿಗೆಯೂ ಮಸರಕಲ್ಲಿನ ಮಾವನೂ

ರಾಯಚೂರಿನಲ್ಲಿ ಹುಟ್ಟಿದವರು ಬಿಸಿಲನ್ನು ಬೈಯುತ್ತಲೇ ಬೆಳೆಯುತ್ತಾರೆ, ಬೈಯುತ್ತಲೇ ಮುದುಕರಾಗುತ್ತಾರೆ. ಅದನ್ನು ಬಾಯಿ ತುಂಬ ಹೊಗಳಿದ ಮೊದಲ ಮನುಷ್ಯನೆಂದರೆ ನಮ್ಮ ಯಂಕೋಬನೇ ಇರಬೇಕು. ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಈ ಯಂಕೋಬ ಒಂದು ಸಂಜೆ ಸರ್ಕಾರದ ವಸ್ತುಪ್ರದರ್ಶನಕ್ಕೆ ಹೋದವನು, ದೊಡ್ಡದೊಂದು ಪೆಟ್ಟಿಗೆಯನ್ನು ಆಟೋದಲ್ಲಿ ಹೇರಿಕೊಂಡು ಮನೆಗೆ ಬಂದ. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಗಾಜು, ಮುಚ್ಚಳಕ್ಕೊಂದು ಕನ್ನಡಿ, ಹೊಟ್ಟೆಯಲ್ಲಿ ನಾಲ್ಕು ಕರಿ ಡಬ್ಬಿ.

"ಕನ್ನಡಿ ಪೆಟ್ಟಿಗಿ ತಂದೀರೇನ್ರೀ? ನನಗಾ?" ಎಂದಳು ಹೆಂಡತಿ ಬಸ್ಸಮ್ಮ. ಮದುವೆಯಾದ ಮೂರು ವರ್ಷದಲ್ಲಿ ಗಂಡ ಅವಳಿಗೆಂದು ಒಂದು ಹಣಿಗೆಯನ್ನೂ ತಂದವನಲ್ಲ.

"ಒಲಿ ಇದು, ಸೌರ ಒಲಿ! ಎಣ್ಣಿ ಬ್ಯಾಡ, ಕಟಿಗಿ ಬ್ಯಾಡ, ಹೊಗಿ ಇಲ್ಲ. ಡಬ್ಬಿಯಾಗ ಅಕ್ಕಿ ನೀರು ಹಾಕಿ ಬಿಸಿಲಿಗಿಟ್ರ ತಾನ ಬೇಯ್ತದ. ದಿಲ್ಲಿ ಮಂದಿ, ಮುಂಬೈ ಮಂದಿ ಎಲ್ಲಾ ಇದರಾಗ ಅಡಿಗಿ ಮಾಡಾಕತ್ತಾರ."

"ಅವರಿಗೆ ನಮ್ಮಂಥ ಬಿಸಿಲು ಎಲ್ಲಿಂದ ಬರಬೇಕ್ರೀ?"

"ಅದನ್ನ ಹೇಳಾಕತ್ತೀನಿ! ಅವರಿಗಿಲ್ಲದ ಭಾಗ್ಯ ನಮಗದ."

ಸುಳ್ಳು ಯಾಕೆ ಹೇಳಬೇಕು, ಬೇಸಿಗೆಯಲ್ಲಿ ಪೆಟ್ಟಿಗೆ ತನ್ನ ಕೆಲಸ ಮಾಡಿತು. ಒಂಬತ್ತಕ್ಕೆ ಮಾಳಿಗೆಯ ಮೇಲಿಟ್ಟ ಅನ್ನ ಒಂದು ಗಂಟೆಗೆ ಬೆಂದಿರುತ್ತಿತ್ತು. ಆದರೆ ಸೂರ್ಯ ಸರಿದಂತೆ ಪೆಟ್ಟಿಗೆಯನ್ನೂ ಸರಿಸಬೇಕಲ್ಲ! ಸರಿಸುವ ಭಾಗ್ಯ ಬಸ್ಸಮ್ಮನದು. ಅರ್ಧ ತಾಸಿಗೊಮ್ಮೆ ನಿಚ್ಚಣಿಕೆ ಹತ್ತಿ, ಕಾದ ಮಾಳಿಗೆಯ ಮೇಲೆ ಕುಣಿಯುತ್ತ ಹೋಗಿ, ಪೆಟ್ಟಿಗೆ ತಿರುಗಿಸಿ ಇಳಿಯುತ್ತಿದ್ದಳು. ಅಂಗಾಲಲ್ಲಿ ಬೊಬ್ಬೆ ಎದ್ದವು. ಯಂಕೋಬ ಗಿರಣಿಯ ನೆರಳಲ್ಲಿ ಕೂತು ವಿಜ್ಞಾನವನ್ನು ಹೊಗಳುತ್ತಿದ್ದ.

ರೊಟ್ಟಿ ಮಾತ್ರ ಅದರಲ್ಲಿ ಆಗುವಂತಿರಲಿಲ್ಲ. "ರೊಟ್ಟಿ ಹಳೇ ಕಾಲದ್ದು ಬಿಡು," ಎಂದು ಯಂಕೋಬ ಒಂದೇ ಮಾತಿನಲ್ಲಿ ರೊಟ್ಟಿಯನ್ನು ಮನೆಯಿಂದ ಹೊರಗೆ ಹಾಕಿದ. (ಬಸ್ಸಮ್ಮ ಪಕ್ಕದ ಮನೆಯ ನೂರ್ ಬೀ ಹತ್ತಿರ ಕದ್ದು ರೊಟ್ಟಿ ತಿಂದು ಬರುತ್ತಿದ್ದಳು. ಇದು ಅವನಿಗೆ ಇವತ್ತಿಗೂ ಗೊತ್ತಿಲ್ಲ.) ಅಷ್ಟಕ್ಕೇ ನಿಂತಿದ್ದರೆ ಚೆಂದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅಷ್ಟಕ್ಕೆ ನಿಲ್ಲುತ್ತಾನೆಯೇ? "ಸ್ಟೌ ಕಣ್ಣಿಗೆ ಬೀಳೋತನಕ ನಿನ್ನ ಮನಸ್ಸು ಅದರ ಕಡೆಗೇ ಇರ್ತದ," ಎಂದು, ಮನೆಯಲ್ಲಿದ್ದ ಒಂದೇ ಸೀಮೆಎಣ್ಣೆ ಸ್ಟೌವನ್ನು ಮಾನ್ವಿಯಲ್ಲಿದ್ದ ತಂಗಿಗೆ ಕಳಿಸಿಬಿಟ್ಟ.

ಅದೇ ಹೊತ್ತಿಗೆ ತವರೂರು ಮಸರಕಲ್ಲಿನಿಂದ ಸುದ್ದಿ ಬಂತು. ಬಸ್ಸಮ್ಮನ ಅಪ್ಪ ಮಾರೆಪ್ಪ ಬಿತ್ತನೆ ಬೀಜ ಒಯ್ಯಲು ಐತವಾರ ರಾಯಚೂರಿಗೆ ಬರುತ್ತಾನೆ, ಮಧ್ಯಾಹ್ನ ಮಗಳ ಮನೆಯಲ್ಲಿ ಉಣ್ಣುತ್ತಾನೆ.

ಇದು ಸಣ್ಣ ಸುದ್ದಿಯಲ್ಲ. ಮೂರು ವರ್ಷದ ಹಿಂದೆ, ಮದುವೆಯ ಚಪ್ಪರದಲ್ಲಿ, ಮಳೆ ತಡವಾಗಿದೆಯೆಂದು ಹಿರಿಯರೆಲ್ಲ ಕತ್ತೆತ್ತಿ ಮೋಡ ಹುಡುಕುತ್ತಿದ್ದಾಗ, ಹೊಸ ಪ್ಯಾಂಟಿನ ಮದುಮಗ ನಕ್ಕು ಒಂದು ಮಾತು ಆಡಿದ್ದ: "ದಿನಾ ಮುಗಿಲು ನೋಡ್ಕೊಂತ ಕೂಡೋದೂ ಒಂದು ಕಸಬೇನ್ರೀ ಮಾವಾರ?"  ಆವತ್ತಿನಿಂದ ಮಾರೆಪ್ಪ ಅಳಿಯನ ಹೊಸ್ತಿಲು ತುಳಿಯಲಿಲ್ಲ. ವರ್ಷ ವರ್ಷ ಸಜ್ಜೆಯ ಚೀಲ ಬರುತ್ತಿತ್ತು, ತೊಗರಿಯ ಚೀಲ ಬರುತ್ತಿತ್ತು, ಅಪ್ಪ ಬರುತ್ತಿರಲಿಲ್ಲ. ಹಬ್ಬ ಬಂದರೆ ಸಾಕು, ಬಸ್ಸಮ್ಮನ ಕಣ್ಣಲ್ಲಿ ನೀರು. ಅಪ್ಪ ತನ್ನ ಮನೆಯಲ್ಲಿ ಕೂತು ಒಂದು ತುತ್ತು ಉಣ್ಣಬೇಕು, ಅವಳ ಆಸೆ ಅಷ್ಟೇ.

"ಅದೊಂದು ದಿನ ನೂರ್ ಬೀ ಒಲಿ ಮ್ಯಾಲ ಮಾಡ್ತೀನ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

"ಹುಚ್ಚಿ! ಅವತ್ತ ತೋರಿಸಬೇಕು ನಿಮ್ಮಪ್ಪಗ. ನಾನ ಮಾಡ್ತೀನಿ ಅಡಿಗಿ. ನೀ ಸುಮ್ನ ಕೂಡು."

ಬಸ್ಸಮ್ಮ ಅಳಲಿಲ್ಲ. ತಣ್ಣಗೆ ಹೇಳಿದಳು: "ನಮ್ಮಪ್ಪ ಉಣ್ಣದ ಎದ್ದು ಹೋದ ಅಂದ್ರ, ಅವನ ಜೋಡಿ ನಾನೂ ಬಸ್ಸು ಹತ್ತತೀನಿ. ಆಮ್ಯಾಲ ನಿಮ್ಮ ಪೆಟ್ಟಿಗಿ ನೀವ ತಿರುಗಿಸ್ಕೊಂಡು ಕೂಡ್ರಿ."

ಯಂಕೋಬನಿಗೆ ಒಳಗೊಳಗೇ ಸ್ವಲ್ಪ ಹೆದರಿಕೆಯಾಯಿತು. ಆದರೆ ಮುಂಗಾರಿನ ಮಿರಗದ ಮಳೆ ಕೂಡಿ ಎಂಟು ದಿನವಾದರೂ ಒಂದು ಹನಿ ಬಿದ್ದಿರಲಿಲ್ಲ. ರಾಯಚೂರಿನ ಬಿಸಿಲು ಯಾರಿಗಾದರೂ ಕೈ ಕೊಟ್ಟದ್ದುಂಟೆ?

ಐತವಾರ ಒಂಬತ್ತಕ್ಕೆ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿ, ಅಕ್ಕಿ, ತೊಗರಿಬೇಳೆ, ಬದನೆಕಾಯಿ ಡಬ್ಬಿಗೆ ತುಂಬಿ, ಪೂಜೆಗೆ ಕೂತವನ ಗಾಂಭೀರ್ಯದಲ್ಲಿ ಪೆಟ್ಟಿಗೆಯ ಮುಂದೆ ಕೂತ. ಹತ್ತೂವರೆಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ಕೃಷ್ಣೆಯ ಕಡೆಯಿಂದ ಅಂಗೈಯಗಲದ ಒಂದು ಮೋಡ ಎದ್ದಿತು. ಅದರ ಹಿಂದೆ ಅದರ ಅಣ್ಣ ತಮ್ಮಂದಿರು ಬಂದರು. ಓಣಿಯ ಜನ ಮನೆಯಿಂದ ಹೊರಗೆ ಬಂದು, "ಬಂತು, ಬಂತು!" ಎಂದು ಕೈ ಮುಗಿದರು. ಯಂಕೋಬ ಪೆಟ್ಟಿಗೆಯನ್ನು ಮಾಳಿಗೆಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಎಳೆದಾಡಿದ. ಬಿಸಿಲು ಬಿದ್ದಲ್ಲಿಗೆ ಇವನು ಹೋಗುವಷ್ಟರಲ್ಲಿ ಅಲ್ಲಿ ನೆರಳು.

ಪಕ್ಕದ ಮಾಳಿಗೆಯಲ್ಲಿ ಒಣಹಾಕಿದ್ದ ಮೆಣಸಿನಕಾಯಿ ಬಾಚುತ್ತಿದ್ದ ನೂರ್ ಬೀ ಕೂಗಿದಳು: "ಯಂಕೋಬಣ್ಣಾ, ಮಳಿ ಬರಾಕತ್ತದ. ಡಬ್ಬಿ ಇತ್ತ ಕೊಡು, ನಮ್ಮ ಒಲಿ ಮ್ಯಾಲ ಇಡ್ತೀನಿ. ಮನಿಗೆ ಬೀಗರು ಬರೋ ಹೊತ್ತು!"

"ಮಳಿ ಮೋಡ ಅಲ್ಲ ನೂರಕ್ಕ ಇದು. ಸುಮ್ನ ಹಾದು ಹೋಗ್ತದ."

"ಯಾ ಅಲ್ಲಾ! ಮುಗಿಲಿನ ಸುದ್ದಿ ಯಾವಾಗಿಂದ ಕಲ್ತಿಯೋ ನೀನು?"

ಅಷ್ಟರಲ್ಲಿ ಮೊದಲ ಹನಿ ನೇರ ಅವನ ಮೂಗಿನ ಮೇಲೆ ಬಿತ್ತು. ಎರಡನೆಯದು ಪೆಟ್ಟಿಗೆಯ ಗಾಜಿನ ಮೇಲೆ ಟಪ್ಪೆಂದಿತು. ಮಣ್ಣಿನ ವಾಸನೆ ಎದ್ದಿತು. ಊರಿಗೆ ಊರೇ ಹಿಗ್ಗಿ ನಿಂತಿದ್ದಾಗ ಯಂಕೋಬನ ತಲೆ ಕೆಟ್ಟಿತು. ಎರಡೂ ಕೈ ಎತ್ತಿ ಆಕಾಶಕ್ಕೆ ಬೈಯತೊಡಗಿದ:

"ಹೋಗತ್ತ! ಯಾರು ಕರದಾರ ನಿನ್ನ? ಇಷ್ಟು ದಿನ ಎಲ್ಲಿ ಸತ್ತಿದ್ದಿ? ಇವತ್ತ ಬರಬೇಕಾಗಿತ್ತೇನು? ಇನ್ನೊಂದು ತಿಂಗಳು ನಿನ್ನ ಮಾರಿ ತೋರಿಸಬ್ಯಾಡ, ಹೋಗು!"

ಹಿಂದೆ ನಿಚ್ಚಣಿಕೆ ಕಿರ್ರೆಂದಿತು. ತಿರುಗಿ ನೋಡಿದರೆ, ಮೊದಲು ಒಂದು ರುಮಾಲು, ಆಮೇಲೆ ಬಿಳಿ ಮೀಸೆ, ಆಮೇಲೆ ಬೀಜದ ಚೀಲ ಅಪ್ಪಿಕೊಂಡ ಮಾರೆಪ್ಪ. ಮಳೆಯ ಖುಷಿಯಲ್ಲಿ, ಮೋಡ ಎಲ್ಲಿಯವರೆಗೆ ಹಬ್ಬಿದೆ ನೋಡೋಣವೆಂದು, ಮಗಳು ಕೊಟ್ಟ ನೀರನ್ನೂ ಕುಡಿಯದೆ ಮೇಲೆ ಹತ್ತಿದ್ದ. ಕೆಳಗೆ ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಬೈಗುಳ ಅವಳಿಗೂ ಕೇಳಿಸಿತ್ತು. ಅಪ್ಪ ಇನ್ನು ತಿರುಗಿ ಹೋಗುವವನೇ ಎಂದುಕೊಂಡಳು.

ಮಾರೆಪ್ಪ ಅಳಿಯನನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ, ಮುಗಿಲನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಎಷ್ಟೊತ್ತಾತ್ರಿ ಅಳಿಯಂದ್ರ, ಮುಗಿಲು ನೋಡಾಕತ್ತಿ?"

"ಮೂರು ತಾಸಾತ್ರಿ ಮಾವಾರ."

"ಕುತ್ತಿಗಿ ನೋಯಾಕತ್ತದೇನು?"

"ಹೂನ್ರಿ."

"ನಮಗ ಮೂರು ತಿಂಗಳಾತು." ಮಾರೆಪ್ಪ ಮೀಸೆಯ ನೀರು ಒರೆಸಿಕೊಂಡ. "ಹಗುರ ಕಸಬಲ್ಲ, ಏನಂತೀರಿ?"

 ಯಂಕೋಬ ಮೂರು ವರ್ಷ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡಿದ್ದ ಮಾತು ಮಳೆಯಲ್ಲಿ ತಾನಾಗಿಯೇ ಹೊರಗೆ ಬಂತು. "ತಪ್ಪಾತ್ರಿ ಮಾವಾರ. ಅವತ್ತ ಹಂಗ ಅನಬಾರದಿತ್ತು."

"ಆತು ಬಿಡ್ರಿ. ಮೊದಲು ಪೆಟ್ಟಿಗಿ ಹಿಡೀರಿ, ನಿಮ್ಮ ಒಲಿ ತೊಯ್ಯಾಕತ್ತದ."

ಮಾವ ಅಳಿಯ ಕೂಡಿ ಪೆಟ್ಟಿಗೆ ಇಳಿಸಿದರು. ಮಾರೆಪ್ಪ ಡಬ್ಬಿ ತೆಗೆದು ನಾಲ್ಕು ಅಗಳು ಹಿಚುಕಿ, "ನೆಂದದ, ಬೆಂದಿಲ್ಲ. ರುಬ್ಬಿದ್ರ ದ್ವಾಸಿ ಆಗ್ತದ," ಎಂದು ತೀರ್ಪು ಕೊಟ್ಟ. ನೂರ್ ಬೀ ಬಂದು ಡಬ್ಬಿಗಳನ್ನು ತನ್ನ ಒಲೆಗೆ ಒಯ್ದಳು. ಅಲ್ಲಿಯವರೆಗೆ ಹೊಟ್ಟೆ ಕೇಳಬೇಕಲ್ಲ! ಮಗಳ ಮನೆಗೆ ಬರಿಗೈಯಲ್ಲಿ ಬರುವವನಲ್ಲ ಮಾರೆಪ್ಪ. ಗಂಟು ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ. ಹಳೇ ಕಾಲದ ಆ ರೊಟ್ಟಿಯನ್ನು ಯಂಕೋಬ ಐದು ತಿಂದ. ಆರನೆಯದಕ್ಕೆ ಕೈ ಹಾಕಿದಾಗ ಬಸ್ಸಮ್ಮ ನೋಡಿದ ನೋಟಕ್ಕೆ ಕೈ ಹಿಂದೆ ತೆಗೆದುಕೊಂಡ. ಆಮೇಲೆ ಅನ್ನ ಬೆಂದು ಬಂತು. ಮಾರೆಪ್ಪ ಮಗಳ ಕೈಯಿಂದ ಬಡಿಸಿಕೊಂಡು ಉಂಡ, ಮತ್ತೊಮ್ಮೆ ಕೇಳಿ ಹಾಕಿಸಿಕೊಂಡ. ಬಸ್ಸಮ್ಮ ಅತ್ತಳು, ನಕ್ಕಳು, ಮತ್ತೆ ಅತ್ತಳು.

ಮಾನ್ವಿಯ ತಂಗಿ ಸ್ಟೌ ತಿರುಗಿ ಕೊಡಲಿಲ್ಲ. ಹೊಸದೊಂದು ಬಂತು. ಪೆಟ್ಟಿಗೆ ಮೂಲೆ ಸೇರಿ, ಅದರ ಕನ್ನಡಿಯಲ್ಲಿ ಬಸ್ಸಮ್ಮ ತಲೆ ಬಾಚಿಕೊಳ್ಳತೊಡಗಿದಳು. ಯಂಕೋಬ ಇದನ್ನೆಲ್ಲ ಮರೆತೇಬಿಟ್ಟಿದ್ದ.

ಮರುವರ್ಷ ಮತ್ತೆ ಮಿರಗ ಒಣಗಿತು. ಒಂದು ಮುಂಜಾನೆ ಮಸರಕಲ್ಲಿನ ನಾಲ್ವರು ಹಿರಿಯರು ರುಮಾಲು ಸುತ್ತಿಕೊಂಡು ಬಾಗಿಲಿಗೆ ಬಂದು ನಿಂತರು. ಅವರ ಮುಂದೆ ಮಾರೆಪ್ಪ. ಯಾರ ಮುಖದಲ್ಲೂ ನಗೆಯಿಲ್ಲ.

"ಊರು ಮಂದಿ ಕೂಡಿ ಮಾತಾಡಿ ಬಂದೀವ್ರಿ ಅಳಿಯಂದ್ರ. ಗುಡಿ ಆತು, ದರ್ಗಾ ಆತು. ಇನ್ನ ನೀವ ಉಳದೀರಿ."

"ನಾನೇನು ಮಾಡ್ಲಿ ಮಾವಾರ?"

"ಆ ಪೆಟ್ಟಿಗಿ ಮ್ಯಾಲ ಹತ್ತಿಸ್ರಿ, ಅಕ್ಕಿ ಇಡ್ರಿ." ಮಾರೆಪ್ಪ ಕೈ ಮುಗಿದ. "ಅವತ್ತಿನಂಗ ಬಾಯಿ ತುಂಬ ಬೈರಿ. ಊರು ಉದ್ಧಾರ ಆಗ್ತದ."

ಯಂಕೋಬ ಹೆಂಡತಿಯ ಮುಖ ನೋಡಿದ. ಬಸ್ಸಮ್ಮ ಸ್ಟೌ ಹೊತ್ತಿಸಿ ಐದು ಮಂದಿಗೆ ಅನ್ನಕ್ಕಿಟ್ಟಳು. ಆಮೇಲೆ ಗೂಟಕ್ಕಿದ್ದ ಕೊಡೆ ತೆಗೆದು ಗಂಡನ ಕೈಗೆ ಕೊಟ್ಟಳು.